ನೀಲಿ ಇಂಜಿನ್ ಬಂದ ಮಧ್ಯಾಹ್ನ

ಬೀಗ ಒಡೆದಿರಲಿಲ್ಲ. ಬಾಗಿಲು ಮುರಿದಿರಲಿಲ್ಲ. ಶೆಡ್ಡಿನೊಳಗೆ ಮಾತ್ರ ಏನೂ ಇರಲಿಲ್ಲ.

ಹೊಸ ಸಿಗ್ನಲ್ಲಿಗೆಂದು ಬೆಳಿಗ್ಗೆ ತಾನೇ ತಂದಿಳಿಸಿದ್ದ ತಾಮ್ರದ ಕೇಬಲ್ ಸುರುಳಿಗಳು ಮಾಯವಾಗಿದ್ದವು. ಮೊದಲು ನೋಡಿದವನು ನನ್ನ ಅಣ್ಣ. ಹಳಿಯ ಉದ್ದಕ್ಕೂ ನಡೆದು ಬೋಲ್ಟುಗಳನ್ನು ಬಿಗಿ ಮಾಡುವ ಕೀಮ್ಯಾನ್ ಅವನು. ನೋಡಿದವನೇ ಓಡಿಹೋಗಿ ಮೇಲಿನವರಿಗೆ ತಿಳಿಸಿದ. ಸಂಜೆಯ ಹೊತ್ತಿಗೆ ಅವನೇ ಕಳ್ಳ ಎಂದಾಯಿತು.

ಅವರ ವಾದ ಸರಳವಾಗಿತ್ತು. ಶೆಡ್ಡಿಗೆ ಎರಡೇ ಕೀಲಿಕೈ: ಒಂದು ಅಣ್ಣನ ಬಳಿ, ಇನ್ನೊಂದು ಸ್ಟೋರ್‌ಕೀಪರನ ಬಳಿ. ಮಧ್ಯಾಹ್ನದ ಗೂಡ್ಸ್ ರೈಲು ಬರುವ ಸ್ವಲ್ಪ ಮೊದಲು ಹಳಿ ಕೆಲಸದ ಮೇಸ್ತ್ರಿ ಶೆಡ್ಡಿನ ಕಿಟಕಿಯಿಂದ ಇಣುಕಿದ್ದ; ಸುರುಳಿಗಳು ಇದ್ದವು. ಆ ಉದ್ದನೆಯ ರೈಲು ಗಡಗಡ ಸದ್ದು ಮಾಡುತ್ತ ಹಾದುಹೋದ ಮೇಲೆ ಅಣ್ಣ ಬಂದ, ಸುರುಳಿಗಳು ಇರಲಿಲ್ಲ. ಕದ್ದವನು ರೈಲಿನ ಸದ್ದಿನ ಮರೆಯಲ್ಲೇ ಕದ್ದಿದ್ದ.

ಮರುದಿನ ವಿಚಾರಣಾಧಿಕಾರಿ ನಮ್ಮ ಕ್ವಾರ್ಟರ್ಸಿನ ಹಾಲ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೇಸ್ತ್ರಿ ಬಾಗಿಲ ಬಳಿ ನಿಂತ. ಸ್ಟೋರ್‌ಕೀಪರ್ ಕಿಟಕಿಯ ಬಳಿ.

"ರೈಲು ಹೋಗೋವಾಗ ನೀನೆಲ್ಲಿದ್ದೆ?"

"ತಿರುವಿನ ಆಚೆ, ಹಳಿ ಮೇಲೆ, ಸಾರ್," ಎಂದ ಅಣ್ಣ.

"ಯಾರಾದ್ರೂ ನೋಡಿದ್ರಾ?"

"ಅಲ್ಲಿ ನಾನೊಬ್ಬನೇ ಇರೋದು ಸಾರ್. ಅದೇ ನನ್ನ ಕೆಲಸ."

ಅಧಿಕಾರಿ ನಿಟ್ಟುಸಿರುಬಿಟ್ಟರು. ಕೆಟ್ಟವರಲ್ಲ, ಬೇಗ ಮುಗಿಸಿ ಹೊರಡುವ ಆತುರ, ಅಷ್ಟೇ. "ನೋಡಪ್ಪಾ, ಕೀಲಿಕೈ ಎಲ್ಲೋ ಮರೆತು ಬಿಟ್ಟಿದ್ದೆ ಅಂತ ಒಪ್ಕೋ. ಕೆಲಸ ಹೋಗುತ್ತೆ, ಜೈಲು ತಪ್ಪುತ್ತೆ. ಮತ್ತೆ ಮಾಳಿಗೆ ಮೇಲಿರೋ ಆ ಕ್ಯಾಮೆರಾ ಇಳಿಸಿ. ಕಳ್ಳರಿಗೆ ದಾರಿ ತೋರಿಸ್ತಿದೆ ಅದು."

"ಇಳಿಸಲ್ಲ."

ಹೇಳಿದ್ದು ಅತ್ತಿಗೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನಮ್ಮಾ?"

"ಕ್ಯಾಮೆರಾ ಇಳಿಸಲ್ಲ ಅಂದೆ. ಇವರು ಒಪ್ಕೊಳ್ಳೋದೂ ಇಲ್ಲ. ನಾನು ಕ್ಲಿನಿಕ್ಕಲ್ಲಿ ಎಕ್ಸ್‌ರೇ ತೆಗೆಯೋಳು ಸಾರ್. ಫಿಲ್ಮ್ ನೋಡದೆ ಮೂಳೆ ಮುರಿದಿದೆ ಅನ್ನಲ್ಲ. ನೀವೂ ಅನ್ನಬೇಡಿ."

ಆ ಕ್ಯಾಮೆರಾದ ಕಥೆ ಹೇಳಿಬಿಡುತ್ತೇನೆ. ಅತ್ತಿಗೆ ಅದನ್ನು ಹಳಿಯತ್ತ ಮುಖ ಮಾಡಿ ಕೂರಿಸಿದ್ದಾಳೆ. ಹಗಲಿಡೀ ನೇರ ಪ್ರಸಾರ. ಎಲ್ಲೆಲ್ಲಿಯೋ ಕೂತ ಜನ ಫೋನು ಹಿಡಿದು ನಮ್ಮ ಮನೆ ಮುಂದೆ ಹೋಗುವ ರೈಲು ನೋಡುತ್ತಾರೆ! ನಾನು ಬಸ್ಸಿನ ಲೇಡಿ ಕಂಡಕ್ಟರ್. ಫುಟ್‌ಬೋರ್ಡಿಗೆ ಜೋತುಬಿದ್ದವರನ್ನು ಒಳಗೆ ತಳ್ಳಿ ತಳ್ಳಿ ನನ್ನ ಗಂಟಲು ಹೋಗಿದೆ, ನಮ್ಮನ್ನು ಯಾವ ನರಪಿಳ್ಳೆಯೂ ನೋಡುವುದಿಲ್ಲ. ಹಾಗಾಗಿ ರೈಲೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ. ನಮ್ಮ ಮನೆಯಲ್ಲಿ ಮೊದಲು ತಟ್ಟೆ ಲೋಟ ಗಡಗಡ ಅನ್ನುತ್ತವೆ, ಆಮೇಲೆ ನಿಧಾನವಾಗಿ ಫೋನಿನಲ್ಲಿ ರೈಲು ಬರುತ್ತದೆ. "ಅತ್ತಿಗೆ, ನಿನ್ನ ರೈಲು ಫೋನಲ್ಲೂ ಲೇಟೇ," ಎಂದು ರೇಗಿಸುತ್ತಿರುತ್ತೇನೆ.

ಚಿತ್ರದ ಪಕ್ಕದಲ್ಲಿ ನೋಡುವವರು ಮಾತು ಟೈಪ್ ಮಾಡುತ್ತಾರೆ. ರೈಲು ಬಂತೆಂದು ಯಾರು ಮೊದಲು ಬರೆಯುತ್ತಾರೋ ಅವರು ಆ ದಿನದ ರಾಜ. ಹೆಚ್ಚಾಗಿ ಗೆಲ್ಲುತ್ತಿದ್ದವನು ಸ್ಟೋರ್‌ಕೀಪರ್. ಹಾಗಾಗಿ ಅವನಿಗೆ 'ಮಹಾರಾಜ' ಎಂದೇ ಅಡ್ಡಹೆಸರು. ಊರಿನ ಆಚೆ ತುದಿಯಲ್ಲಿ ಅವನ ಮನೆ; ಮಧ್ಯಾಹ್ನ ಊಟಕ್ಕೆ ಹೋದಾಗ ಅಲ್ಲಿಂದಲೇ ನೋಡುತ್ತಿದ್ದ. ಅತ್ತಿಗೆಯನ್ನು ಬಾಯ್ತುಂಬ 'ಅಕ್ಕಾ' ಎನ್ನುತ್ತಿದ್ದ. ಅವಳಿಗೂ ಅವನೆಂದರೆ ಅಕ್ಕರೆ.

ಅವನನ್ನು ಯಾರೂ ಸಂಶಯಿಸದಿದ್ದಕ್ಕೂ ಆ ಕ್ಯಾಮೆರಾವೇ ಕಾರಣ. ರೈಲು ಬಂದಾಗ ಅವನು 'ನೀಲಿ ಇಂಜಿನ್! ನೀಲಿ ಇಂಜಿನ್ ಬಂತು!' ಎಂದು ಬರೆದಿದ್ದ. ದಿನವೂ ಬರುವುದು ಕೆಂಪು ಇಂಜಿನ್. ಅಂದು ಅದು ದಾರಿಯಲ್ಲಿ ಕೆಟ್ಟು, ಹಳೆಯ ನೀಲಿ ಇಂಜಿನ್ ಕಟ್ಟಿ ಕಳಿಸಿದ್ದರು. ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಅವನು ಮನೆಯಲ್ಲಿ ಕೂತು ಪ್ರಸಾರ ನೋಡುತ್ತಿದ್ದನೆಂದೇ ಅರ್ಥ ಎಂದು ಅಧಿಕಾರಿ ತೀರ್ಮಾನಿಸಿದ್ದರು.

ಅತ್ತಿಗೆ ಅವನ ಕಡೆ ತಿರುಗಿದಳು.

"ಮಹಾರಾಜಾ, ಆವತ್ತು ಬೇರೆ ಯಾವುದಾದ್ರೂ ಸ್ಟೇಷನ್ನಿನ ಕ್ಯಾಮೆರಾ ನೋಡ್ತಿದ್ಯಾ?"

"ಛೇ, ಅಕ್ಕಾ! ನಿಮ್ಮದು ಬಿಟ್ಟು ಬೇರೆ ಯಾವುದನ್ನೂ ತೆರೆಯಲೂ ಇಲ್ಲ."

"ಯಾರಾದ್ರೂ ಫೋನ್ ಮಾಡಿ ನೀಲಿ ಇಂಜಿನ್ ಬರ್ತಿದೆ ಅಂದಿದ್ರಾ?"

"ಇಲ್ಲ. ಕಣ್ಣಾರೆ ನೋಡಿದೆ, ನೋಡ್ತಿದ್ದ ಹಾಗೇ ಬರೆದೆ."

"ಮನೇಲೇ?"

"ಇನ್ನೆಲ್ಲಿ ಅಕ್ಕಾ? ನನ್ನ ಮೇಲೂ ಅನುಮಾನವಾ?"

"ಅನುಮಾನ ಅಲ್ಲ. ಕೇಳಿದೆ."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, "ನಾಳೆವರೆಗೆ ಟೈಮ್ ಕೊಡ್ತೀನಿ. ಆಮೇಲೆ ಪೊಲೀಸು. ಕ್ವಾರ್ಟರ್ಸೂ ಖಾಲಿ ಮಾಡಬೇಕಾಗುತ್ತೆ," ಎಂದು ಎದ್ದರು.

ಅವರು ಹೋದ ಮೇಲೆ ಅಣ್ಣ ಮೂಲೆಯಲ್ಲಿ ಕುಸಿದು ಕುಳಿತ. "ಒಪ್ಕೊಂಡುಬಿಡ್ಲಾ? ಮನೇನಾದ್ರೂ..."

"ಬಾಯಿ ಮುಚ್ಚಿ," ಎಂದಳು ಅತ್ತಿಗೆ. "ಮಾಡದ ತಪ್ಪು ಒಪ್ಕೊಂಡು ಈ ಮನೇಲಿ ಇರೋದಾದ್ರೆ ನಾನೇ ಹೊರಗೆ ಹೋಗ್ತೀನಿ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಮಧ್ಯಾಹ್ನದ ರೆಕಾರ್ಡಿಂಗ್ ತೆರೆದಳು. ಶೆಡ್ ಚಿತ್ರದೊಳಗೆ ಬೀಳುವುದೇ ಇಲ್ಲ, ಇದರಲ್ಲಿ ಏನು ಹುಡುಕುತ್ತಾಳೆಂದು ನಾನು ಗೊಣಗಿದೆ. ಅವಳು ಅದನ್ನೇ ಮತ್ತೆ ಮತ್ತೆ ನೋಡಿದಳು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಸಿಕ್ತಾ?" ಎಂದೆ.

"ಸಿಕ್ತು. ಸಿಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಕಣೇ."

ಮರುದಿನ ಎಲ್ಲರೂ ಮತ್ತೆ ಸೇರಿದರು. ಹೊರಗೆ ಹಳಿ ರಿಪೇರಿ ಗ್ಯಾಂಗಿನ ಆಳುಗಳು ಗುಂಪುಗೂಡಿದ್ದರು. ಅತ್ತಿಗೆ ನೇರ ಪ್ರಸಾರ ಹಾಕಿದ ಫೋನನ್ನು ಅಧಿಕಾರಿಯ ಕೈಗಿತ್ತಳು.

"ಒಂದು ರೈಲು ಬರೋವರೆಗೆ ಕೂತ್ಕೊಳ್ಳಿ ಸಾರ್."

"ನನಗೆ ಬೇರೆ ಕೆಲಸ ಇಲ್ವೇನಮ್ಮಾ?"

"ಒಬ್ಬ ಮನುಷ್ಯನ ಮಾನ ಇದೆ ಸಾರ್. ಅದೂ ಕೆಲಸವೇ."

ಸ್ವಲ್ಪ ಹೊತ್ತಿಗೆ ತಟ್ಟೆಗಳು ಗಡಗಡ ಅಂದವು. ಕಿಟಕಿಯಾಚೆ ರೈಲು ಧಡಧಡನೆ ಹಾಯತೊಡಗಿತು.

"ಫೋನಲ್ಲಿ ಏನು ಕಾಣ್ತಿದೆ ಸಾರ್?" ಅತ್ತಿಗೆ ಕೂಗಿ ಕೇಳಿದಳು.

"ಏನೂ ಇಲ್ಲ! ಹಳಿ ಖಾಲಿ—" ಅಧಿಕಾರಿ ಕಿಟಕಿ ನೋಡಿದರು, ಫೋನು ನೋಡಿದರು. ಹೊರಗೆ ಕೊನೆಯ ಬೋಗಿ ದಾಟಿ ಹೋಯಿತು. ಆಮೇಲೆ ಫೋನಿನಲ್ಲಿ ಇಂಜಿನ್ ಮೆಲ್ಲಗೆ ಮುಖ ತೋರಿಸಿತು.

"ಚಿತ್ರ ಎಲ್ಲೆಲ್ಲೋ ಸುತ್ತಿ ಬರ್ಬೇಕಲ್ಲ ಸಾರ್. ಯಾವಾಗಲೂ ಹಿಂದೇನೇ. ಈಗ ಇದನ್ನ ನೋಡಿ."

ಲ್ಯಾಪ್‌ಟಾಪಿನಲ್ಲಿ ಆ ಮಧ್ಯಾಹ್ನ ಓಡತೊಡಗಿತು. ಹಳಿ ಖಾಲಿ. ಪಕ್ಕದಲ್ಲಿ ಮಹಾರಾಜನ ಸಾಲು ಮೂಡಿತು: 'ನೀಲಿ ಇಂಜಿನ್! ನೀಲಿ ಇಂಜಿನ್ ಬಂತು!' ಹಳಿ ಇನ್ನೂ ಖಾಲಿ. ಯಾರೋ ಕೇಳಿದ್ದರು: 'ಎಲ್ಲಿ?' ಇನ್ನೊಬ್ಬರು: 'ಕನಸು ಕಂಡ್ರಾ ಮಹಾರಾಜರೇ?' ಅದಾದ ಮೇಲೆ ತಿರುವಿನಲ್ಲಿ ನೀಲಿ ಇಂಜಿನ್ ಕಾಣಿಸಿಕೊಂಡಿತು.

ಅತ್ತಿಗೆ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು.

"ಅವನು ಬರೆದಿದ್ದಾನೆ ಅನ್ನೋದನ್ನ ಎಲ್ಲರೂ ನೋಡಿದ್ರಿ. ಯಾವಾಗ ಬರೆದ ಅಂತ ಯಾರೂ ನೋಡ್ಲಿಲ್ಲ. ಮನೇಲಿ ಕೂತು ನೋಡಿದೋನು ಚಿತ್ರ ಬರೋಕೆ ಮೊದಲು ಬಣ್ಣ ಹೇಗೆ ಹೇಳ್ತಾನೆ ಸಾರ್? ರೈಲನ್ನ ಎದುರಿಗೇ ನೋಡಿದೋನು ಮಾತ್ರ ಹೇಳೋಕೆ ಸಾಧ್ಯ. ಶೆಡ್ಡಿನ ಹಿಂದೆ ವ್ಯಾನ್ ನಿಲ್ಲಿಸ್ಕೊಂಡು ರೈಲಿನ ಸದ್ದಿಗೆ ಕಾಯ್ತಾ ನಿಂತಿದ್ದೋನು."

ಸ್ಟೋರ್‌ಕೀಪರ್ ಕಿಟಕಿ ಬಿಟ್ಟು ಮುಂದೆ ಬಂದ. "ಅದು... ಹಿಂದಿನ ಸ್ಟೇಷನ್ನಿನ ಕ್ಯಾಮೆರಾದಲ್ಲಿ ನೋಡಿ..."

"ಬೇರೆ ಯಾವುದನ್ನೂ ತೆರೆಯಲಿಲ್ಲ ಅಂದೆಯಲ್ಲೋ. ಸಾರ್ ಬರ್ಕೊಂಡಿದ್ದಾರೆ."

"ಕಳ್ಳತನಕ್ಕೆ ಬಂದೋನು ಇದನ್ನ ಯಾಕೆ ಬರೀತಾನಮ್ಮಾ?" ಅಧಿಕಾರಿ ಕೇಳಿದರು.

"ರೈಲು ನೋಡೋ ನಮ್ಮ ಜನಾನೇ ಹಾಗೆ ಸಾರ್. ಯಾವತ್ತೂ ಬರದ ಇಂಜಿನ್ ಕಣ್ಣೆದುರಿಗೆ ಬಂದಿದೆ. ಮೊದಲು ನಾನೇ ಹೇಳ್ಬೇಕು ಅನ್ನೋ ಚಪಲ. ಕೈ ತಡೀಲಿಲ್ಲ. ಆಮೇಲೆ ಅದೇ ತನ್ನನ್ನ ಉಳಿಸುತ್ತೆ ಅಂದ್ಕೊಂಡ. ಸದಾ ಮನೇಲಿ ಕೂತು ನೋಡೋನಿಗೆ ಚಿತ್ರ ಹಿಂದೆ ಬೀಳುತ್ತೆ ಅನ್ನೋದೇ ಹೊಳೀಲಿಲ್ಲ."

ಅವನು ಗೋಡೆ ಹಿಡಿದು ಕುಳಿತುಬಿಟ್ಟ. "ಅಕ್ಕಾ, ತಪ್ಪಾಯ್ತು. ನಿಮ್ಮ ತಮ್ಮ ಅಂದ್ಕೊಂಡು—"

"ತಮ್ಮ ಅಂದ್ಕೊಂಡಿದ್ದೆ ಕಣೋ! ಅದಕ್ಕೇ ಹೊಟ್ಟೆ ಉರೀತಿರೋದು. ನನ್ನ ಗಂಡನ್ನ ಕಳ್ಳ ಅಂತಿದ್ದಾಗ ಇದೇ ಕಿಟಕಿ ಹತ್ರ ಸುಮ್ಮನೆ ನಿಂತಿದ್ದೆಯಲ್ಲ?"

ಮೇಸ್ತ್ರಿ ಅವನ ರಟ್ಟೆ ಹಿಡಿದುಕೊಂಡ. ತಾಮ್ರ ತನ್ನ ಮನೆಯ ಹಿಂದಿನ ಗ್ಯಾರೇಜಿನಲ್ಲಿದೆ ಎಂದು ಅವನೇ ಬಾಯಿಬಿಟ್ಟ. ಅಧಿಕಾರಿ ಪೊಲೀಸರಿಗೆ ಫೋನ್ ಮಾಡಿ ಎದ್ದು ನಿಂತರು. ಅಣ್ಣನ ಭುಜ ತಟ್ಟಿದರು.

"ಸರಿಯಪ್ಪಾ. ನಾಳೆಯಿಂದ ಡ್ಯೂಟಿಗೆ ಬಾ."

"ಬರಲ್ಲ ಸಾರ್," ಎಂದ ಅಣ್ಣ.

ನಾನು ಬೆಚ್ಚಿಬಿದ್ದೆ. ಹುಟ್ಟಿದಾಗಿನಿಂದ ಯಾರಿಗೂ ಎದುರು ಮಾತಾಡದ ನನ್ನ ಅಣ್ಣ!

"ಕಳ್ಳ ಅಂದಿದ್ದು ಎಲ್ಲರ ಮುಂದೆ. ಅಲ್ಲ ಅನ್ನೋದು ಮಾತ್ರ ಮನೆಯೊಳಗೆ ಯಾಕೆ ಸಾರ್?"

ಅಧಿಕಾರಿ ಅತ್ತಿಗೆಯ ಮುಖ ನೋಡಿದರು. ಅವಳು ಬಾಗಿಲು ತೆರೆದು ಹಿಡಿದಳು. ಅವರು ಹೊರಬಂದು ಮೆಟ್ಟಿಲ ಮೇಲೆ ನಿಂತರು. ಆಳುಗಳ ಮಾತು ನಿಂತಿತು.

"ಕೇಬಲ್ ಕದ್ದಿದ್ದು ಈ ಕೀಮ್ಯಾನ್ ಅಲ್ಲ," ಎಂದರು ತಗ್ಗಿದ ದನಿಯಲ್ಲಿ. "ನಾನು ತಪ್ಪು ತಿಳ್ಕೊಂಡಿದ್ದೆ."

"ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ ಸಾರ್," ಎಂದ ಅಣ್ಣ.

ಅಧಿಕಾರಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು, ಈ ಸಲ ಎಲ್ಲರಿಗೂ ಕೇಳಿಸುವಂತೆ.