ಒಳಗಿನ ಚಿಲಕ

ಗೃಹಸಾಲದ ಕಂತು ತಪ್ಪಿದ್ದಕ್ಕೆ ಬ್ಯಾಂಕ್ ಮೊಹರು ಹಾಕಿದ್ದ ಶಿರಂಗಾಲದ ಮನೆಯನ್ನು ರೇಣುಕಪ್ರಸಾದ್ ಅವರಿಗೆ ಮರಳಿಸುವಂತೆ ನ್ಯಾಯಮಂಡಳಿ ಆದೇಶಿಸಿತು. ಅವರ ವಕೀಲ ನಾನು. ಗೆದ್ದೆವು, ಆದರೆ ತಡವಾಗಿ. ಮನೆಗೆ ಹೋಗೋಣವೆಂದು ಹಂಬಲಿಸುತ್ತಲೇ ಅವರ ತಾಯಿ ಮಹಾದೇವಮ್ಮ ಬಾಡಿಗೆ ಕೋಣೆಯಲ್ಲಿ ತೀರಿಕೊಂಡಿದ್ದರು.

ಮನೆ ಬಿಟ್ಟುಕೊಡುವ ದಿನ ಮಧ್ಯಾಹ್ನ ಬ್ಯಾಂಕಿನ ಅಧಿಕಾರಿ ಹಿಂದಿನ, ಮುಂದಿನ ಎರಡೂ ಬಾಗಿಲುಗಳ ಮೊಹರು ಒಡೆದಿಲ್ಲವೆಂದು ಪರೀಕ್ಷಿಸಿ, ಮುಂಬಾಗಿಲ ಬೀಗ ತೆಗೆದರು. ಆದರೂ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಯಾರೋ ಬಕೆಟ್ ಸರಿಸುವ ಸದ್ದು ಕೇಳಿಸಿತು.

"ಹೆಗ್ಗಣ ಇರ್ಬೇಕು ಸಾರ್," ಎಂದರು ಅಧಿಕಾರಿ.

"ಹೆಗ್ಗಣ ಚಿಲಕ ಹಾಕ್ಕೊಳ್ತದೇನ್ರಿ?" ಎಂದೆ.

ರೇಣುಕಪ್ರಸಾದ್ ಬಾಗಿಲಿಗೆ ಮುಖವಿಟ್ಟು, "ಅವ್ವಾ, ನಾನು ಕಣವ್ವ. ಮನೆ ನಮ್ದೇ ಆಯ್ತು, ತೆಗಿ," ಎಂದರು.

ಚಿಲಕ ನಿಧಾನವಾಗಿ ಸರಿಯಿತು.

ಒಳಗೆ ಯಾರೂ ಇರಲಿಲ್ಲ. ನೆಲ ಮಾತ್ರ ಆಗಷ್ಟೇ ಒರೆಸಿದಂತೆ ಒದ್ದೆಯಾಗಿತ್ತು. ಅದು ಆರುವವರೆಗೂ ರೇಣುಕಪ್ರಸಾದ್ ಹೊರಗೇ ಕುಳಿತಿದ್ದರು.