ಒಂದು ಉದ್ದ, ಒಂದು ಅಡ್ಡ

"ಏಳನೇ ಕ್ಲಾಸ್ ಫೇಲಾದ ಗಾರೆಯವನನ್ನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ? ಇವನೇ ಕಳ್ಳ! ಪೊಲೀಸ್ರನ್ನ ಕರೀರಿ!"

ದೊಡ್ಡಬಳ್ಳಾಪುರದ ಹಳೆಯ ಇಟ್ಟಿಗೆಯ ಚಿತ್ರಕಲಾ ಶಾಲೆಯಲ್ಲಿ ಎಲ್ಲರೆದುರು ಪ್ರಿನ್ಸಿಪಾಲ್ ಹರಿಪ್ರಸಾದ್ ಬೆರಳು ಚಾಚಿ ಕೂಗಿದರು. ಅವರ ಕೈಗಡಿಯಾರದ ಚೈನಿಗೆ ಬಿಳಿಯದೇನೋ ಮೆತ್ತಿತ್ತು. ಚಾಕ್‌ಪೀಸಿರಬೇಕೆಂದು ಡ್ರಾಯಿಂಗ್ ಟೀಚರ್ ಅಕ್ಷತ ಸುಮ್ಮನಾದಳು.

ಶಾಲೆ ಕಟ್ಟಿಸಿದ ಹಿರಿಯರು ಬರೆದಿದ್ದ ಮಾಕಳಿದುರ್ಗ ಬೆಟ್ಟದ ಬೆಲೆಬಾಳುವ ಚಿತ್ರ ಚೌಕಟ್ಟಿನಿಂದ ಮಾಯವಾಗಿತ್ತು. ಗೇಟಿನಲ್ಲಿ ವಾಚ್‌ಮನ್ ಪಾಪಯ್ಯ ಚೀಲ ತಡಕದೆ ಯಾರನ್ನೂ ಬಿಡುತ್ತಿರಲಿಲ್ಲ. ಗೋಡೆ ರಿಪೇರಿಗೆ ಬಂದು ಹಿಂದಿನ ಶೆಡ್ಡಿನಲ್ಲೇ ಇದ್ದ ಬೈರೇಶ ಮಾತ್ರ ಹೊರಗಿನವನು. ಹಿಂದೆ ಕಳುವಾದ ಕಂಚಿನ ಗಂಟೆಯನ್ನು ಅರ್ಧ ದಿನದಲ್ಲಿ ಪತ್ತೆ ಮಾಡಿದವನೂ ಅವನೇ. ಅದು ಅಕ್ಷತಳಿಗೆ ನೆನಪಿತ್ತು, ಉಳಿದ ಪದವೀಧರ ಟೀಚರುಗಳಿಗೆ ಮರೆತುಹೋಗಿತ್ತು.

ಬೈರೇಶ ಗೋಡೆ ಸವರುತ್ತಾ ನಡೆದ. ಕಿಟಕಿಯ ಕೆಳಗೆ ನಿಂತು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು.

"ಅಕ್ಕ, ಎಲ್ರನ್ನೂ ಇಲ್ಲಿಗೆ ಕರೀರಿ," ಎಂದ ಅಕ್ಷತಳಿಗೆ.

ಶಾಲೆ ನಡೆಸುವ ಟ್ರಸ್ಟಿನ ರಾಮಾಂಜಿನಪ್ಪನವರೂ ಬಂದರು.

"ನೋಡ್ರಿ. ಈ ಕಟ್ಟಡದ ಇಟ್ಟಿಗೆ ಕೂತಿರೋದೇ ಒಂದು ಉದ್ದ, ಒಂದು ಅಡ್ಡ. ಇಲ್ಲಿ ಮಾತ್ರ ಸಾಲಾಗಿ ನಾಲ್ಕು ಇಟ್ಟಿಗೇನೂ ಉದ್ದ. ವರ್ಷಾ ವರ್ಷಾ ಮಕ್ಕಳ ಕೈಲಿ ಇದೇ ಗೋಡೆ ಚಿತ್ರ ಬರೆಸ್ತೀರಿ ಪ್ರಿನ್ಸಿಪಾಲ್ರೇ, ಒಂದಿನಾನಾದ್ರೂ ಕಣ್ಬಿಟ್ಟು ನೋಡಿದ್ರಾ?"

"ಲೇ, ನಾಲಗೆ ಬಿಗಿಹಿಡಿ!"

"ಇದು ಸುಣ್ಣದ ಗಾರೆಯಲ್ಲ, ನಿಮ್ಮ ಶಿಲ್ಪದ ಕ್ಲಾಸಿನ ಪಿಒಪಿ, ಪ್ಲಾಸ್ಟರ್ ಆಫ್ ಪ್ಯಾರಿಸ್ಸು. ಮೇಲೆ ಕೆಂಪು ಬಣ್ಣ ಬೇರೆ! ಗಾರೆಯವನು ಇಟ್ಟಿಗೆ ನೆನೆಸದೆ ಕಟ್ಟಲ್ಲ. ಒಣ ಇಟ್ಟಿಗೆ ನೀರೆಲ್ಲ ಕುಡಿದು ಪಿಒಪಿ ಪುಡಿಯಾಗಿದೆ."

ನಾಲ್ಕೂ ಇಟ್ಟಿಗೆಗಳನ್ನು ಬರಿಗೈಯಲ್ಲೇ ಎಳೆದ. ಪೊಟರೆಯೊಳಗೆ ಸುತ್ತಿಟ್ಟ ಚಿತ್ರವಿತ್ತು.

"ಗೇಟಲ್ಲಿ ಚೀಲ ನೋಡ್ತಾರೆ, ಅದಕ್ಕೇ ಇಲ್ಲಿ ಬಚ್ಚಿಟ್ಟಿದ್ದು. ನನ್ನನ್ನ ಪೊಲೀಸ್ ಸ್ಟೇಷನ್ನಿಗೆ ಕಳಿಸಿ, ಗಲಾಟೆ ತಣ್ಣಗಾದ್ಮೇಲೆ ಸಾಗಿಸೋ ಪ್ಲಾನು."

"ಯಾರು ಬೇಕಾದ್ರೂ ಮಾಡಿರಬಹುದಲ್ಲ!" ಎಂದರು ಹರಿಪ್ರಸಾದ್.

"ಅಕ್ಕ, ಒದ್ದೆ ಬಟ್ಟೇಲಿ ಸಾರ್ ಗಡಿಯಾರ ಒರೆಸಿ. ಚಾಕ್‌ಪೀಸಾದ್ರೆ ಹೋಗುತ್ತೆ, ಪಿಒಪಿ ಆದ್ರೆ ಹೋಗಲ್ಲ."

ಹರಿಪ್ರಸಾದ್ ಕೈಯನ್ನು ಬೆನ್ನಹಿಂದೆ ಅಡಗಿಸಿಕೊಂಡರು. ರಾಮಾಂಜಿನಪ್ಪ ಹಿಡಿದೆಳೆದರು. ಅಕ್ಷತ ಒರೆಸಿದಳು. ಬಿಳಿ ಗಟ್ಟಿಯಾಗಿ ಹಾಗೇ ಕೂತಿತ್ತು; ಚೈನಿನ ಸಂದಿಯಲ್ಲಿ ಗೋಡೆಗೆ ಬಳಿದ ಅದೇ ಕೆಂಪು ಬಣ್ಣವೂ ಕಂಡಿತು. ಇಷ್ಟು ಹೊತ್ತು "ಕಳ್ಳ" ಎಂದು ತಲೆಯಾಡಿಸಿದ್ದವರೆಲ್ಲ ಈಗ ಬಹಳ ಶ್ರದ್ಧೆಯಿಂದ ನೆಲ ನೋಡುತ್ತಿದ್ದರು.

"ಬೇಜಾರಾಗ್ಬೇಡ ಕಣಪ್ಪ ಬೈರೇಶ," ರಾಮಾಂಜಿನಪ್ಪ ಹಲ್ಲು ಕಿರಿದರು. "ಆ ನಾಲ್ಕು ಇಟ್ಟಿಗೆ ನೀನೇ ಕೂರಿಸ್ಬಿಡು."

ಬೈರೇಶ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡ. ಗೇಟಿನಲ್ಲಿ ಪಾಪಯ್ಯ ಕೇಳುವ ಮೊದಲೇ ಚೀಲದ ಬಾಯಿ ಅಗಲಿಸಿ ತೋರಿಸಿದ. ಪಾಪಯ್ಯ ಚೀಲ ನೋಡಲಾರದೆ ಮುಖ ತಿರುಗಿಸಿದ.

"ಏನಪ್ಪಾ, ಕೂರಿಸ್ತೀಯಾ?" ಹಿಂದಿನಿಂದ ರಾಮಾಂಜಿನಪ್ಪನವರ ದನಿ ಮತ್ತೆ ಕೇಳಿಸಿತು.

ಬೈರೇಶ ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.