ತಾತ ಓಡಿಸಿದರೆ ನಿಲ್ಲುವ ಗಾಡಿ

"ಒತ್ತು ಅಮ್ಮಣ್ಣಿ, ಒತ್ತು! ಬಿಡಬ್ಯಾಡ!" ತಾತ ಡ್ರೈವರ್ ಸೀಟಿನಿಂದಲೇ ಕೂಗಿದರು.

ಮೋನಿಕಾ ಪಿಕಪ್ ಗಾಡಿಯ ಬಾನೆಟ್ ಒಳಗೆ ಅರ್ಧ ಬಗ್ಗಿದ್ದಳು. ಅಲ್ಲಿ ಡೀಸೆಲ್ ಫಿಲ್ಟರಿನ ನೆತ್ತಿಯ ಮೇಲೆ ಗುಂಡಿಯಂಥ ಒಂದು ಕೈಪಂಪು ಇದೆ. ಗಾಡಿ ನಿಂತಾಗ ಅದನ್ನು ಒತ್ತಿ ಒತ್ತಿ ಬಿಟ್ಟರೆ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಂಡು ಬರುತ್ತದೆ. ಒತ್ತಿದ ಗುಂಡಿ ಟಕ್ಕನೆ ಮೇಲೆ ಏಳಬೇಕು. ಇವತ್ತೋ, ಅದು ಒತ್ತಿದಲ್ಲೇ ಕೂತುಬಿಡುತ್ತಿತ್ತು. ಏಳು ಅಂದರೆ ಏಳಲೊಲ್ಲದು!

"ಬರ್ತಾನೇ ಇಲ್ಲ ತಾತ! ಸ್ಕೂಲಲ್ಲಿ ಬೆಲ್ ಹೊಡೆದಾಯ್ತು. ಟೀಚರ್ 'ಇವತ್ತೂ ಗಾಡಿ ಕೆಟ್ಟೋಯ್ತಾ?' ಅಂತಾರೆ. ಕ್ಲಾಸೆಲ್ಲ ನಗುತ್ತೆ."

ತಾತ ಇನ್ನೊಮ್ಮೆ ಕೀಲಿ ತಿರುಗಿಸಿದರು. ಇಂಜಿನ್ ಗರ್ ಗರ್ ಎಂದು ಕೆಮ್ಮಿ ಸುಮ್ಮನಾಯಿತು.

ತಾತನ ಹೆಸರು ಚಿಕ್ಕಬೈರಪ್ಪ. ಕೊಡಿಗೇಹಳ್ಳಿಯಲ್ಲಿ ಅವರ ಮನೆಯ ಸುತ್ತ ಈಗ ಬರೀ ಅಪಾರ್ಟ್‌ಮೆಂಟ್. ಆದರೂ ಹಿತ್ತಿಲಲ್ಲಿ ಎರಡು ಹಸು ಇವೆ. ಅವಕ್ಕೆ ಹುಲ್ಲು ತರಲು ತಾತ ದಿನಾ ಬೆಳಗ್ಗೆ ರಾಜಾನುಕುಂಟೆ ಕಡೆಗೆ ಹೋಗುತ್ತಾರೆ. ದಾರಿಯಲ್ಲಿ ಮೋನಿಕಾಳನ್ನು ಯಲಹಂಕದ ಸ್ಕೂಲಿಗೆ ಬಿಡುತ್ತಾರೆ. ಪಿಕಪ್ ಅಪ್ಪನ ಮದುವೆಗೂ ಮುಂಚಿನದು. ಇಷ್ಟು ವರ್ಷ ಎಲ್ಲೂ ಕೈ ಕೊಡದ ಗಾಡಿ, ಈಚೆಗೆ ಜಕ್ಕೂರು ದಾಟುವಷ್ಟರಲ್ಲಿ ಬುಸುಬುಸು ಅಂದು ನಿಂತುಬಿಡುತ್ತಿತ್ತು.

ನಿಂತಾಗೆಲ್ಲ ತಾತ ಮಾಡುವುದು ಒಂದೇ ಕ್ರಮ. ಡೀಸೆಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಕೆಟ್ಟಿದೆಯಲ್ಲ, ಅದಕ್ಕೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಡ್ಡಿ ಅದ್ದಿ ನೋಡುವುದು. ಆಮೇಲೆ ಕೈಪಂಪು ಒತ್ತುವುದು. ಗಾಡಿ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತಿತ್ತು.

ಇವತ್ತು ಮುಚ್ಚಳದ ಬೀಗದ ಕೀಲಿಯೇ ಇರಲಿಲ್ಲ. ಹಿಂದಿನ ದಿನ ಅಪ್ಪ ಗಾಡಿ ಓಡಿಸಿ ಅದನ್ನು ತಮ್ಮ ಕೀಲಿಗೊಂಚಲಿಗೇ ಸೇರಿಸಿಕೊಂಡಿದ್ದರು.

"ಡೀಸೆಲ್ ಪೈಪಲ್ಲಿ ಏರ್ ಹಿಡ್ಕೊಂಡಿದೆ ಯಜಮಾನ್ರೇ," ಎಂದು ಆಟೋದವನೊಬ್ಬ ಹೇಳಿ ಹೋದ. ನೀರಿನ ಟ್ಯಾಂಕರಿನವನು ನಿಲ್ಲಿಸಿ, "ಏರ್ ಅಲ್ಲ, ಫಿಲ್ಟರ್ ಕಟ್ಕೊಂಡಿದೆ," ಎಂದ. ಆದರೆ ಮೆಕ್ಯಾನಿಕ್ ಪುನೀತಣ್ಣ ಹೋದ ವಾರವಷ್ಟೇ ಹೊಸ ಫಿಲ್ಟರ್ ಹಾಕಿದ್ದರು! ಯಾರ ಮಾತು ನಂಬುವುದು? ಮೋನಿಕಾಳ ತಲೆ ಗಿರ್ರನೆ ತಿರುಗಿತು.

ಕೊನೆಗೆ ಅಪ್ಪ ಸ್ಕೂಟರಿನಲ್ಲಿ ಬಂದರು. ಅಪ್ಪ ಅಂದರೆ ಅಶ್ವತ್ಥ್, ಮನೆ ಕಟ್ಟಿಸಿ ಮಾರುವ ಬಿಲ್ಡರ್. ಕಿವಿಯಲ್ಲಿ ಫೋನು ಯಾವಾಗಲೂ ಇರುತ್ತದೆ.

"ಡೀಸೆಲ್ ಇದ್ಯೋ ಇಲ್ವೋ, ಅದನ್ನಾದ್ರೂ ನೋಡಿದ್ಯಾ ಅಪ್ಪಾ?" ಎನ್ನುತ್ತ ಅವರು ಬೀಗ ತಿರುಗಿಸಿ ಮುಚ್ಚಳ ಎಳೆದರು.

ಹುಸ್ಸ್ ಎಂದು ಸದ್ದಾಯಿತು.

ಪಕ್ಕದಲ್ಲೇ ಇದ್ದ ಮೋನಿಕಾ ಕುತೂಹಲ ತಡೆಯದೆ ಟ್ಯಾಂಕಿನ ಬಾಯಿಗೆ ಅಂಗೈ ಇಟ್ಟಳು. ಏನೋ ಅವಳ ಅಂಗೈಯನ್ನು ಮೆಲ್ಲಗೆ ಒಳಕ್ಕೆ ಎಳೆಯಿತು. ಅವಳು ಬೆಚ್ಚಿ ಕೈ ಕಿತ್ತುಕೊಂಡಳು.

ಅಪ್ಪ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಅಯ್ಯೋ ನನ್ನಪ್ಪಾ! ಒಂದೆರಡು ಸಲ ಗರ್ ಅಂದದ್ದೇ ತಡ, ಗಾಡಿ ಜೋರಾಗಿ ಸ್ಟಾರ್ಟ್ ಆಯಿತು.

"ನೋಡಿದ್ಯಾ? ನಾನು ಓಡಿಸಿದ್ರೆ ಏನೂ ಆಗಲ್ಲ. ಪಕ್ಕದ ರೋಡಿನ ಸೈಟಿಗೆ ವಾರದಲ್ಲಿ ಮೂರು ಸಲ ತಗೊಂಡು ಹೋಗ್ತೀನಿ, ಒಂದಿನ ನಿಂತಿಲ್ಲ. ಗಾಡಿಗಲ್ಲ ಅಪ್ಪಾ, ನಿಂಗೆ ವಯಸ್ಸಾಗಿರೋದು. ಈ ಮೇನ್ ರೋಡಲ್ಲಿ ಹಿಂದಿಂದ ಯಾವನಾದ್ರೂ ಬಂದು ಗುದ್ದಿದ್ರೆ? ಮಗು ಬೇರೆ ಇರುತ್ತೆ. ಸಾಕು. ಭಾನುವಾರ ಗಾಡೀನ ಶೆಟ್ಟಿಹಳ್ಳಿಲಿ ಒಬ್ರಿಗೆ ಮಾರ್ಬಿಡೋಣ. ನೀನು ಇನ್ಮೇಲೆ ಓಡ್ಸೋದು ಬೇಡ."

ತಾತ ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡರು. ಮೋನಿಕಾಗೆ ಅಳುವೇ ಬಂತು.

ಮನೆಯಲ್ಲಿ ಅವಳು ಅಪ್ಪನನ್ನು ಕೇಳಿದಳು. "ಅಪ್ಪ, ಮುಚ್ಚಳ ತೆಗೆದಾಗ ಹುಸ್ ಅಂತಲ್ಲ, ಅದೇನು?"

"ಪ್ರೆಷರ್, ಪುಟ್ಟಿ. ಕುಕ್ಕರ್ ಥರ."

ಕುಕ್ಕರ್ ಗಾಳಿಯನ್ನು ಹೊರಗೆ ಬಿಡುತ್ತದೆ. ಇದು ಒಳಗೆ ಎಳೆಯಿತಲ್ಲ! ಅದನ್ನು ಕೇಳೋಣ ಅಂದರೆ ಅಪ್ಪ ಆಗಲೇ ಫೋನಿನಲ್ಲಿ ಸಿಮೆಂಟಿನ ವಿಷಯ ಮಾತಾಡುತ್ತಿದ್ದರು.

ತಾತನನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದಳು. "ತಾತ, ನಿಜವಾಗ್ಲೂ ನಿಂಗೆ ಓಡ್ಸೋಕೆ ಬರಲ್ವಾ?"

ತಾತ ಹಸುವಿನ ಕುತ್ತಿಗೆ ಕೆರೆಯುತ್ತ ಕೂತಿದ್ದರು. "ನಂಗೂ ಗೊತ್ತಾಯ್ತಿಲ್ಲ ಕಣಮ್ಮಣ್ಣಿ. ನಾನು ಎಂದಿನಂಗೇ ಓಡಿಸ್ತೀನಿ. ಆದ್ರೂ ನಿಲ್ತದೆ. ನಿಮ್ಮಪ್ಪ ಕೂತ್ರೆ ನಿಲ್ಲಾಕಿಲ್ಲ. ಅವನು ಅನ್ನೋದೇ ದಿಟ ಇರ್ಬೈದು."

ತಾತ ಹೀಗೆ ಸೋತು ಮಾತಾಡಿದ್ದನ್ನು ಮೋನಿಕಾ ಒಮ್ಮೆಯೂ ಕೇಳಿರಲಿಲ್ಲ. ಅಪ್ಪ ಸುಳ್ಳು ಹೇಳುವವರಲ್ಲ. ತಾತನೂ ಅಷ್ಟೇ. ಹಾಗಾದರೆ ಇಬ್ಬರ ಕೈಯಲ್ಲೂ ಒಂದೇ ಗಾಡಿ ಎರಡು ಥರ ಯಾಕೆ ಆಡುತ್ತದೆ?

ಭಾನುವಾರ ಬೆಳಗ್ಗೆ ಅಜ್ಜಿ ವೆಂಕಟಲಕ್ಷ್ಮಮ್ಮ ಅಡುಗೆಮನೆಯಲ್ಲಿ ಹೊಸ ಎಣ್ಣೆ ಟಿನ್ನು ಇಟ್ಟುಕೊಂಡು ಕೂತಿದ್ದರು. ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿ ಒಂದು ತೂತು ಮಾಡಿದರು. ಆಮೇಲೆ ಎದುರು ಮೂಲೆಯಲ್ಲಿ ಇನ್ನೊಂದು.

"ಎರಡು ಯಾಕಜ್ಜಿ? ಎಣ್ಣೆ ಬರೋದು ಒಂದರಲ್ಲೇ ತಾನೇ?"

"ಇನ್ನೊಂದು ಗಾಳಿಗೆ ಕಣೇ. ಎಣ್ಣೆ ಈಚೆಗೆ ಬರ್ಬೇಕು ಅಂದ್ರೆ ಗಾಳಿ ಒಳಿಕ್ಕೋಗ್ಬೇಕು. ಒಂದೇ ತೂತಾದ್ರೆ ಗುಳುಕ್ ಗುಳುಕ್ ಅಂತ ನಿಂತೋಯ್ತದೆ."

ನಿಂತೋಯ್ತದೆ!

ಮೋನಿಕಾ ಎದ್ದು ಓಡಿದಳು. ಹೊರಗೆ ಅಪ್ಪ ಶೆಟ್ಟಿಹಳ್ಳಿಗೆ ಹೊರಡಲು ಗಾಡಿ ಸ್ಟಾರ್ಟ್ ಮಾಡಿ ಆಗಿತ್ತು. ತಾತ ಪಕ್ಕದಲ್ಲಿ ಕೂತಿದ್ದರು. ಅವಳು ತಾತನನ್ನು ದಾಟಿ ನಡುವೆ ತೂರಿಕೊಂಡಳು.

"ಅಪ್ಪ, ಒಂದು ವಿಷಯ..."

"ಇರು ಪುಟ್ಟಿ, ಆಮೇಲೆ." ಅಪ್ಪನ ಕಿವಿಯಲ್ಲಿದ್ದ ಬ್ಲೂಟೂತ್ ಮಿನುಗುತ್ತಿತ್ತು.

ಹೆಬ್ಬಾಳ ದಾಟಿತು. ಬಿಇಎಲ್ ಸರ್ಕಲ್ ದಾಟಿತು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮೋನಿಕಾಗೆ ಅನುಮಾನ ಹತ್ತಿತು. ತಾನು ಅಂದುಕೊಂಡಿದ್ದು ತಪ್ಪೇ ಇರಬೇಕು. ಎಣ್ಣೆ ಟಿನ್ನಿಗೂ ಗಾಡಿಗೂ ಏನು ಸಂಬಂಧ? ಹೇಳಿದರೆ ಅಪ್ಪ ನಗುತ್ತಾರೆ. ಅವಳು ಬಾಯಿ ಮುಚ್ಚಿಕೊಂಡಳು.

ಗಂಗಮ್ಮ ಸರ್ಕಲ್ ಹತ್ತಿರ ಬರುತ್ತಿದ್ದಂತೆ ಇಂಜಿನ್ ಬುಸುಬುಸು ಅಂದಿತು. ಅಪ್ಪ ಆಕ್ಸಿಲರೇಟರ್ ತುಳಿದರು. ಗಾಡಿ ಎರಡು ಸಲ ಜಗ್ಗಿ, ರಸ್ತೆಯ ನಟ್ಟನಡುವೆ ನಿಂತೇ ಹೋಯಿತು.

ಅಪ್ಪನ ಕೈಯಲ್ಲಿ!

ಹಿಂದಿನಿಂದ ಹಾರ್ನೋ ಹಾರ್ನು. ಅಪ್ಪ ಕೀಲಿ ತಿರುಗಿಸಿದರು, ಕೆಳಗಿಳಿದು ಕೈಪಂಪು ಒತ್ತಿದರು, ಮತ್ತೆ ಹತ್ತಿ ಕೀಲಿ ತಿರುಗಿಸಿದರು. ಊಹೂಂ. ಟ್ರಾಫಿಕ್ ಪೊಲೀಸು ಸೀಟಿ ಊದಿ, "ಏನ್ರೀ, ಸೈಡಿಗೆ ತಳ್ರೀ!" ಎಂದು ಗದರಿದರು. ಅಪ್ಪನ ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ತಾತನೂ ಇನ್ನಿಬ್ಬರು ದಾರಿಹೋಕರೂ ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿದರು.

"ಯಾಕೆ ನಿಲ್ತಿದೆ ಇದು? ಒಂದೂ ಅರ್ಥ ಆಗ್ತಿಲ್ವಲ್ಲ!" ಎಂದು ಅಪ್ಪ ತಲೆ ಕೆರೆದುಕೊಂಡರು.

ಮೋನಿಕಾ ಅಪ್ಪನ ಮುಂದೆ ಕೈ ಚಾಚಿದಳು. "ಅಪ್ಪ, ಕೀ ಕೊಡು. ಮುಚ್ಚಳ ತೆಗಿಬೇಕು."

"ಡೀಸೆಲ್ ಫುಲ್ ಇದೆ ಕಣೇ, ನಿನ್ನೆ ತಾನೇ ಹಾಕಿಸಿದ್ದೀನಿ."

"ಡೀಸೆಲ್ ನೋಡೋಕಲ್ಲ. ಒಂದ್ಸಲ ಕೊಡಪ್ಪ, ಪ್ಲೀಸ್!"

ಬೇರೆ ದಾರಿ ಕಾಣದೆ ಅಪ್ಪ ಕೊಟ್ಟರು. ಮೋನಿಕಾ ಬೀಗ ತಿರುಗಿಸಿ ಮುಚ್ಚಳ ಎಳೆದಳು. ಹುಸ್ಸ್!

"ನೋಡು, ಗಾಳಿ ಒಳಗೆ ಹೋಗ್ತಿದೆ! ತಾತ ಕಡ್ಡಿ ಅದ್ದೋಕೆ ಮುಚ್ಚಳ ತೆಗೀತಿದ್ರಲ್ಲ, ಅದಕ್ಕೇ ಸ್ಟಾರ್ಟ್ ಆಗ್ತಿತ್ತು. ಅವತ್ತು ಕೀ ಇರ್ಲಿಲ್ಲ, ಆಗ್ಲಿಲ್ಲ. ನೀನು ಬಂದು ತೆಗೆದೆ, ಆಯ್ತು. ನಮ್ಮ ಸೈಟು ಪಕ್ಕದ ರೋಡಲ್ಲೇ ಇದೆ, ಅಷ್ಟು ಹತ್ರ ಹೋದ್ರೆ ನಿಲ್ಲಲ್ಲ. ದೂರ ಹೋದ್ರೆ ಟ್ಯಾಂಕಲ್ಲಿ ಡೀಸೆಲ್ ಕಮ್ಮಿ ಆಗುತ್ತೆ, ಆ ಜಾಗಕ್ಕೆ ಗಾಳಿ ಬರಲ್ಲ, ಅದಕ್ಕೇ ಡೀಸೆಲ್ ಈಚೆಗೆ ಬರದೆ ನಿಂತೋಗುತ್ತೆ. ಅಜ್ಜಿ ಎಣ್ಣೆ ಟಿನ್ನಿಗೆ ಎರಡು ತೂತು ಮಾಡಲ್ವಾ? ಇದಕ್ಕೆ ಗಾಳಿ ತೂತೇ ಇಲ್ಲ!"

ಒಂದೇ ಉಸಿರಿಗೆ ಅಷ್ಟನ್ನೂ ಹೇಳಿ ಮುಗಿಸಿದಳು. ಅಪ್ಪ ಪಿಳಿಪಿಳಿ ನೋಡಿದರು. ಆಮೇಲೆ ಹೋಗಿ ಕೈಪಂಪು ಒತ್ತಿದರು. ಗುಂಡಿ ಟಕ್ಕೆಂದು ಮೇಲೆದ್ದಿತು. ಕೀಲಿ ತಿರುಗಿಸಿದರು. ಗಾಡಿ ಸ್ಟಾರ್ಟ್!

ತಾತ ಮುಚ್ಚಳವನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಊಂ. ಅಳೇ ಮುಚ್ಳದಾಗೆ ಸಾಸಿವೆಯಷ್ಟು ತೂತಿತ್ತು. ಇದ್ರಾಗಿಲ್ಲ."

ಹೊಸ ಮುಚ್ಚಳ ತಂದದ್ದು ಅಪ್ಪ. ಯಾರೋ ಡೀಸೆಲ್ ಕದಿಯುತ್ತಾರೆ ಅಂತ ಎರಡು ವಾರದ ಹಿಂದೆ ಬೀಗ ಇರುವುದನ್ನೇ ಹುಡುಕಿ ತಂದು, ತಾವೇ ಹಾಕಿದ್ದರು. ಅದು ಮೂವರಿಗೂ ಗೊತ್ತಿತ್ತು. ಅಪ್ಪನ ಮುಖ ಕೆಂಪಾಗಿದ್ದು ಬಿಸಿಲಿಗೋ ಏನೋ, ಮೋನಿಕಾಗೆ ತಿಳಿಯಲಿಲ್ಲ.

ತಾತ ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಚೆಲ್ಲದ ಹಾಗೆ ಮೇಲೆ ಬಟ್ಟೆ ಕಟ್ಟಿದರು. "ಓಗಾನ ನಡಿ. ಅವರು ಕಾಯ್ತಿರ್ತಾರೆ," ಎಂದು ಎಡಗಡೆ ಬಾಗಿಲಿನತ್ತ ಹೊರಟರು.

"ಅಪ್ಪಾ," ಎಂದರು ಅಪ್ಪ. "ಆ ಕಡೆ ನಾನು ಕೂತ್ಕೋತೀನಿ. ನೀನು ಓಡ್ಸು."

ತಾತ ಸುತ್ತಿ ಬಂದು, ಹತ್ತಿ ಸ್ಟಿಯರಿಂಗ್ ಹಿಡಿದರು.

ಗಾಡಿ ಹೊರಟಿತ್ತಷ್ಟೇ, ಅಪ್ಪನ ಫೋನು ಬಡಿದುಕೊಂಡಿತು. ಕೊಳ್ಳುವವರದು.

"ಇಲ್ಲ ಸಾರ್, ಬರ್ತಿಲ್ಲ," ಎಂದರು ಅಪ್ಪ. "ರೇಟಿನ ವಿಷಯ ಅಲ್ಲ ಸಾರ್. ಗಾಡಿ ನಮ್ಮಪ್ಪಂದು. ಮಾರೋಕ್ ಮುಂಚೆ ನಾನು ಅವರನ್ನ ಒಂದು ಮಾತೂ ಕೇಳಿರ್ಲಿಲ್ಲ. ಸಾರಿ."

ಫೋನು ಇಟ್ಟು ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ಗಾಡಿ ಫಸ್ಟ್ ಗೇರಿನಲ್ಲೇ ಗೊಂಯ್ ಗೊಂಯ್ ಅಂತ ಕಿರುಚುತ್ತಿತ್ತು. ತಾತ ಗೇರ್ ಬದಲಾಯಿಸುವುದನ್ನೇ ಮರೆತಿದ್ದರು. ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ನೆಟ್ಟಗೆ ರಸ್ತೆಯನ್ನೇ ನೋಡುತ್ತ, ಒದ್ದೆಯಾದ ರೆಪ್ಪೆಯನ್ನು ಪಟಪಟ ಬಡಿಯುತ್ತಿದ್ದರು.

"ತಾತ, ಗೇ..." ಎಂದು ಹೇಳಹೊರಟ ಮೋನಿಕಾ ಅಪ್ಪನ ಕಡೆ ನೋಡಿದಳು. ಅಪ್ಪನಿಗೂ ಆ ಸದ್ದು ಕೇಳಿಸುತ್ತಿತ್ತು. ಆದರೂ ಅವರು ಸುಮ್ಮನೆ ಕೂತಿದ್ದರು.

ಮೋನಿಕಾ ತನ್ನ ಮಾತನ್ನು ನುಂಗಿಕೊಂಡಳು. ತಾತ ಇನ್ನೂ ಸ್ವಲ್ಪ ದೂರ ಹಾಗೇ ಓಡಿಸಲಿ ಎಂದು ಅವಳಿಗೂ ಅನಿಸಿತು.